ಪುಸ್ತಕದ ಕವಿತೆ ತೆರೆಗೆ ಬಂದಾಗ: ನಿಮ್ಮ ಮೆಚ್ಚಿನ ಹಾಡು ಯಾವುದು?

ಶ್ರೀಧರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಚಿತ್ರಕ್ಕಾಗಿಯೇ ಬರೆದ ಹಾಡುಗಳ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು, ಕವನ ಸಂಕಲನದಲ್ಲಿ ಮೊದಲೇ ಅಚ್ಚಾಗಿ ಓದುಗರಿಗೆ ಪರಿಚಿತವಾಗಿದ್ದ ಕವಿತೆಯೊಂದು ಚಿತ್ರದ ಕತೆಯೊಳಗೆ ಬಂದು ನಿಂತಾಗ ಅದರ ಅರ್ಥಕ್ಕೆ ಏನಾಗುತ್ತದೆ ಎಂಬುದು.

ನನ್ನ ಮೆಚ್ಚಿನ ಉದಾಹರಣೆ ಬೇಂದ್ರೆಯವರ ‘ಬೆಳಗು’. ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿ ಮೋಡ’ದಲ್ಲಿ (1967) ‘ಮೂಡಲ ಮನೆಯ ಮುತ್ತಿನ ನೀರಿನ’ ಎಂದು ಎಸ್. ಜಾನಕಿಯವರು ಹಾಡುವಾಗ ಎಲ್ಲಿಯೂ ಅವಸರವಿಲ್ಲ. ಪದಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಪುಸ್ತಕದಲ್ಲಿ ಅದು ಯಾರ ಸೊತ್ತೂ ಅಲ್ಲದ, ಎಲ್ಲರಿಗೂ ಸೇರಿದ ಬೆಳಗು. ಚಿತ್ರದಲ್ಲಾದರೋ ಅದು ಮಲೆನಾಡಿನ ತೋಟದಲ್ಲಿ ತಂದೆ ತಾಯಿಯ ಪ್ರೀತಿಯಲ್ಲಿ ಬೆಳೆದ ಇಂದಿರೆಯ ಬೆಳಗು. ಆಸ್ತಿಯ ಮೇಲೆ ಕಣ್ಣಿಟ್ಟು ಬಂದ ವರ ಅವಳನ್ನು ಮುಂದೆ ನಿರಾಕರಿಸುತ್ತಾನೆಂಬುದನ್ನು ತಿಳಿದ ಮೇಲೆ ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎಂಬ ಮಾತನ್ನು ಮೊದಲಿನಂತೆ ಕೇಳಲು ನನಗೆ ಸಾಧ್ಯವಾಗಿಲ್ಲ.

ಹೀಗೆ ಚಿತ್ರದಲ್ಲಿ ಬಳಕೆಯಾಗಿ ಹೊಸ ಅರ್ಥ ಪಡೆದ ಕವಿತೆ ನಿಮಗೆ ಯಾವುದು ನೆನಪಾಗುತ್ತದೆ? ಹಾಡು ಚೆನ್ನಾಗಿದೆ ಎಂದಷ್ಟೇ ಹೇಳದೆ, ಕತೆಯಲ್ಲಿ ಅದು ಮಾಡುವ ಕೆಲಸವನ್ನೂ ದಯವಿಟ್ಟು ಬರೆಯಿರಿ.

ವಸುಧಾ:

ಶ್ರೀಧರ ಅವರೇ, ಅದೇ ನಿರ್ದೇಶಕರ ‘ಶರಪಂಜರ’ದ (1971) ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ನನ್ನ ಆಯ್ಕೆ. ಇದೂ ಬೇಂದ್ರೆಯವರದೇ, ಚಿತ್ರದ ಕತೆಯೂ ‘ಬೆಳ್ಳಿ ಮೋಡ’ದಂತೆ ತ್ರಿವೇಣಿಯವರದೇ.

ಕವಿತೆಯಲ್ಲಿ ಸೂರ್ಯ, ಚಂದ್ರ, ಧ್ರುವಗಳ ನಡುವಿನ ಸೆಳೆತವಿದೆ. ‘ಚುಂಬಕ ಗಾಳಿಯು ಬೀಸುತಿದೆ’ ಎಂಬ ಸಾಲನ್ನು ಓದಿದವರಿಗೆ ಅದು ಗಂಡು ಹೆಣ್ಣಿನ ಯುಗಳಗೀತೆಯಾದೀತೆಂದು ಸುಲಭವಾಗಿ ಹೊಳೆಯುವುದಿಲ್ಲ. ಪುಟ್ಟಣ್ಣನವರು ಆ ವಿಶ್ವವ್ಯಾಪಿ ಸೆಳೆತವನ್ನು ಕಾವೇರಿ ಮತ್ತು ಸತೀಶರ ದಾಂಪತ್ಯದೊಳಕ್ಕೆ ತಂದರು. ಬರಿಯ ಪ್ರೇಮಗೀತೆಯಾಗಿ ನೋಡಿದರೆ ಇದು ಕವಿತೆಯನ್ನು ಕುಗ್ಗಿಸಿದಂತೆ ಕಾಣಬಹುದು. ಆದರೆ ಬಾಣಂತಿತನದ ಸಮಯದಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಯನ್ನು ಮನೆಯವರೂ ನೆರೆಹೊರೆಯವರೂ ಹುಚ್ಚಿಯೆಂದೇ ಕಾಣುವಾಗ, ಕೈಹಿಡಿದ ಗಂಡನೇ ಅವಳಿಂದ ದೂರ ಸರಿಯುವಾಗ, ನಮಗೆ ನೆನಪಾಗುವುದು ಆ ಚುಂಬಕ ಗಾಳಿಯೇ. ಲೋಕವನ್ನೆಲ್ಲ ಹಿಡಿದಿಟ್ಟಿದೆ ಎಂದು ಕವಿ ಹಾಡಿದ ಸೆಳೆತ ಒಂದು ಮನೆಯೊಳಗೆ ಕೆಲಸ ಮಾಡದೆ ಹೋಗುತ್ತದೆ. ಸಾಮಾನ್ಯವಾದ ಪ್ರೇಮಗೀತೆಯೊಂದನ್ನು ಅಲ್ಲಿ ಬಳಸಿದ್ದರೆ ಕಾವೇರಿಯ ನಷ್ಟ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅನಂತ:

‘ಮಾನಸ ಸರೋವರ’ದ (1982) ‘ವೇದಾಂತಿ ಹೇಳಿದನು’ ಹಾಡನ್ನು ಈ ಚರ್ಚೆಯಿಂದ ಬಿಡುವಂತಿಲ್ಲ. ಜಿ.ಎಸ್. ಶಿವರುದ್ರಪ್ಪನವರ ಕವಿತೆ, ಪಿ.ಬಿ. ಶ್ರೀನಿವಾಸ್ ಅವರ ಗಾಯನ.

ಕವಿತೆಯ ರಚನೆ ನೇರವಾದದ್ದು. ವೇದಾಂತಿ ಹೊನ್ನೆಲ್ಲ ಮಣ್ಣು ಎಂದರೆ ಕವಿ ಮಣ್ಣೆಲ್ಲ ಹೊನ್ನು ಎನ್ನುತ್ತಾನೆ. ವೇದಾಂತಿ ಹೆಣ್ಣು ಮಾಯೆ ಎಂದರೆ ಕವಿ ಅವಳ ಚೆಲುವನ್ನು ಕನವರಿಸುತ್ತಾನೆ. ಬದುಕು ಶೂನ್ಯವೆಂಬ ಮಾತಿಗೆ ಕವಿ ತಾನು ಧನ್ಯನೆಂದು ಉತ್ತರಿಸುತ್ತಾನೆ. ಪುಸ್ತಕದಲ್ಲಿ ಓದಿದಾಗ ಕವಿ ಗೆದ್ದನೆಂದು ನಾವು ಸಂತೋಷಪಟ್ಟು ಪುಟ ತಿರುವುತ್ತೇವೆ. ಚಿತ್ರ ಆ ಗೆಲುವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಶ್ರೀನಾಥ್ ಅಭಿನಯಿಸಿದ ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸುತ್ತಾನೆ, ಅವಳು ಬೇರೊಬ್ಬನನ್ನು ಬಯಸುತ್ತಾಳೆ, ಕೊನೆಗೆ ವೈದ್ಯನೇ ಮತಿಭ್ರಮಣೆಗೆ ಒಳಗಾಗುತ್ತಾನೆ. ಕವಿಯ ಪಕ್ಷ ಹಿಡಿದು ಬದುಕನ್ನು ಪ್ರೀತಿಸಲು ಹೊರಟ ಮನುಷ್ಯನಿಗೆ ಒದಗುವ ಗತಿ ಇದು. ‘ನೀನೇ ಸಾಕಿದ ಗಿಣಿ’ ಎಂದು ಅವನು ಹಾಡುವ ಹೊತ್ತಿಗೆ ವೇದಾಂತಿಯ ಮಾತೇ ನಿಜವಾಯಿತೇ ಎಂಬ ಸಂಶಯ ನಮ್ಮನ್ನು ಕಾಡತೊಡಗುತ್ತದೆ.

ಹಾಗೆಂದು ಚಿತ್ರ ಕವಿಯನ್ನು ಸೋಲಿಸುತ್ತದೆ ಎಂದು ನಾನು ಹೇಳಲಾರೆ. ಹೊನ್ನನ್ನು ಮಣ್ಣೆಂದು ತಿಳಿದು ಸುಮ್ಮನಿದ್ದವನಿಗೆ ಈ ನೋವೂ ದಕ್ಕುತ್ತಿರಲಿಲ್ಲವಲ್ಲ.

ಗಿರಿಜಾ:

ತಮ್ಮೆಲ್ಲರ ಮಾತುಗಳನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಕವಿತೆ ಕತೆಯೊಳಗೆ ಬೆರೆತರೆ ಮಾತ್ರ ಅದು ಒಳ್ಳೆಯ ಬಳಕೆ ಎಂಬ ಅಳತೆಗೋಲು ಸಾಲದು.

‘ಕುಲವಧು’ (1963) ಚಿತ್ರದ ಕತೆಯನ್ನು ಇಂದು ಹೇಳಬಲ್ಲವರು ಕಡಿಮೆ. ಆದರೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಜಾನಕಿಯವರು ಹಾಡಿದ ‘ಯುಗ ಯುಗಾದಿ ಕಳೆದರೂ’ ಕೇಳದೆ ನಮ್ಮಲ್ಲಿ ಅನೇಕರಿಗೆ ಹಬ್ಬವೇ ಆರಂಭವಾಗುವುದಿಲ್ಲ. ಕತೆಯ ನೆರವಿಲ್ಲದೆ, ಚಿತ್ರದ ಆಚೆಗೂ ಒಂದು ಹಬ್ಬದ ಧ್ವನಿಯಾಗಿ ಉಳಿದುಕೊಂಡಿರುವ ಹಾಡು ಅದು. ಸಿನಿಮಾ ಕವಿತೆಗೆ ಮಾಡಿದ ಬಹುದೊಡ್ಡ ಉಪಕಾರವೆಂದರೆ, ಪುಸ್ತಕ ಕೊಳ್ಳದವರ, ಅಕ್ಷರವೇ ತಿಳಿಯದವರ ಬಾಯಿಗೂ ಬೇಂದ್ರೆಯವರನ್ನು ತಲುಪಿಸಿದ್ದು.

ಇದರಲ್ಲಿ ಒಂದು ನಷ್ಟವೂ ಇದೆ ಎಂಬುದನ್ನು ಒಪ್ಪುತ್ತೇನೆ. ಹೊಸ ವರುಷ, ಹೊಸ ಹರುಷ ಎಂಬುದಷ್ಟೇ ಜನರ ನಾಲಗೆಯ ಮೇಲೆ ನಿಂತಿದೆ. ಆ ಕವಿತೆ ನಿಜವಾಗಿ ಒಂದು ದೂರು. ಗಿಡಮರಗಳಿಗೆಲ್ಲ ವರುಷಕ್ಕೊಂದು ಹೊಸ ಜನ್ಮವಿರುವಾಗ ಮನುಷ್ಯನಿಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಏಕೆ ಎಂದು ಕೇಳಿ, ಯುಗಾದಿ ‘ನಮ್ಮನಷ್ಟೆ ಮರೆತಿದೆ’ ಎಂದು ಬೇಂದ್ರೆ ಮುಗಿಸುತ್ತಾರೆ. ಹೋಳಿಗೆಯ ಸಡಗರದ ನಡುವೆ ಈ ಮಾತನ್ನು ನಿಂತು ಕೇಳುವವರು ವಿರಳ. ಕೇಳಬೇಕು ಎಂಬುದು ನನ್ನ ಆಸೆ.

ರಾಘವೇಂದ್ರ:

ನಾನು ಅಮೆರಿಕದಲ್ಲಿ ನೆಲೆಸಿರುವವನು. ನನ್ನಂಥವರಿಗೆ ‘ಅಮೆರಿಕಾ ಅಮೆರಿಕಾ’ (1997) ಚಿತ್ರದ ‘ಯಾವ ಮೋಹನ ಮುರಳಿ ಕರೆಯಿತು’ ಬಿಟ್ಟು ಬೇರೆ ಉತ್ತರವಿಲ್ಲ. ಗೋಪಾಲಕೃಷ್ಣ ಅಡಿಗರು ಇದನ್ನು ವಲಸೆಯ ಬಗ್ಗೆ ಬರೆದವರಲ್ಲ. ಇರುವುದನ್ನು ಬಿಟ್ಟು ಇಲ್ಲದುದರ ಕಡೆಗೆ ತುಡಿಯುವ ಮನುಷ್ಯಸ್ವಭಾವ ಅವರ ವಸ್ತು. ನಾಗತಿಹಳ್ಳಿ ಚಂದ್ರಶೇಖರ ಅವರು ಊರಿನಲ್ಲಿ ಉಳಿದವನ, ಕಡಲಾಚೆ ಹೋದವನ ಮತ್ತು ಇಬ್ಬರ ನಡುವಿನ ಹೆಣ್ಣಿನ ಕತೆಗೆ ಅದನ್ನು ಜೋಡಿಸಿದಾಗ, ಮನೋಮೂರ್ತಿಯವರ ಸಂಗೀತದಲ್ಲಿ ಆ ಕವಿತೆ ನಮ್ಮ ಪಾಲಿಗೆ ಒಂದು ಪ್ರಶ್ನೆಯಾಯಿತು. ಇಲ್ಲಿನ ರಾಜ್ಯೋತ್ಸವದ ಸಭೆಗಳಲ್ಲಿ ಯಾರಾದರೂ ಇದನ್ನು ಹಾಡಿದಾಗ, ಗದ್ದಲ ಮಾಡುತ್ತಿದ್ದ ಹಿರಿಯರೂ ತಲೆ ತಗ್ಗಿಸಿ ಕುಳಿತುಬಿಡುತ್ತಾರೆ.

ಶ್ರೀಧರ:

ಎಲ್ಲರಿಗೂ ಕೃತಜ್ಞತೆಗಳು. ಗಿರಿಜಾ ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಯುಗಾದಿಯ ಹಾಡನ್ನು ನನ್ನ ಪ್ರಶ್ನೆಯ ಚೌಕಟ್ಟಿಗೆ ಹೊಂದಿಸುವುದು ಸಲ್ಲದು.

ವಸುಧಾ ಮತ್ತು ಅನಂತ ಅವರು ಹೇಳಿದ ಎರಡೂ ಹಾಡುಗಳಿಗೆ, ನಾನು ಹೇಳಿದ ‘ಬೆಳಗು’ವಿಗೂ ಸಂಗೀತ ನೀಡಿದವರು ವಿಜಯಭಾಸ್ಕರ್ ಒಬ್ಬರೇ. ಅವರು ಕವಿತೆಯ ಛಂದಸ್ಸಿನ ಮೇಲೆ ರಾಗವನ್ನು ಹೇರಲಿಲ್ಲ. ‘ಉತ್ತರ / ಧ್ರುವದಿಂ / ದಕ್ಷಿಣ / ಧ್ರುವಕೂ’ ಎಂಬ ನಾಲ್ಕು ಮಾತ್ರೆಯ ನಡೆ ಹಾಡಿನಲ್ಲಿಯೂ ಹಾಗೆಯೇ ಕೇಳಿಸುತ್ತದೆ.

ರಾಘವೇಂದ್ರ ಅವರ ಉತ್ತರ ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ‘ಮಿಸ್ ಲೀಲಾವತಿ’ (1965) ಚಿತ್ರದಲ್ಲಿ ಬಳಕೆಯಾದ ಕುವೆಂಪು ಅವರ ‘ದೋಣಿ ಸಾಗಲಿ ಮುಂದೆ ಹೋಗಲಿ’ ಮತ್ತು ಅಡಿಗರ ‘ಯಾವ ಮೋಹನ ಮುರಳಿ ಕರೆಯಿತು’ ಎರಡೂ ಮೂರು ನಾಲ್ಕು ಮಾತ್ರೆಗಳ ಒಂದೇ ನಡೆಯಲ್ಲಿ ಸಾಗುತ್ತವೆ. ಎರಡರಲ್ಲಿಯೂ ‘ದೂರ ತೀರ’ ಬರುತ್ತದೆ. ಕುವೆಂಪು ಅವರ ದೋಣಿ ಉತ್ಸಾಹದಿಂದ ಆ ತೀರವನ್ನು ಸೇರಲು ಹೊರಟಿದೆ, ಅಡಿಗರು ಹೊರಟವನನ್ನು ತಡೆದು ಕರೆದವರು ಯಾರೆಂದು ಕೇಳುತ್ತಿದ್ದಾರೆ. ಬಿಡುವಾದಾಗ ಇವೆರಡನ್ನೂ ಒಂದರ ಹಿಂದೆ ಒಂದರಂತೆ ಕೇಳಿ ನೋಡಿ; ತಮಗೆ ಏನೆನ್ನಿಸಿತೆಂದು ತಿಳಿಯಲು ಕಾದಿರುತ್ತೇನೆ.