ಚಿರೆಕಲ್ಲು ಮನೆಯಲ್ಲಿ ಮೂರು ಆಕ್ಸೆಸ್ ಪಾಯಿಂಟ್: ಚಾನೆಲ್, ಪವರ್ ಎಷ್ಟು ಇಡಬೇಕು?

ಅಘನಾಶಿನಿ_ದಂಡೆ (ಗೋಕರ್ಣ)

ಹೋಂಸ್ಟೇಗೆ ಸಲಹೆ ಬೇಕು. ಹಳೆಯ ಚಿರೆಕಲ್ಲಿನ ಮನೆ, ಹೆಂಚಿನ ಮಾಡು, ಹಿತ್ತಲ ಕಡೆ ಹೊಸದಾಗಿ ಕಟ್ಟಿದ ಎರಡು ಕೋಣೆ. ವೈಫೈ 6 ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಮೂರಿವೆ: ಜಗಲಿ, ನಡುಮನೆ, ಹಿಂದಿನ ಪಡಸಾಲೆ. ಮೂರಕ್ಕೂ ಪಿಒಇ (ಒಂದೇ ಕೇಬಲಿನಲ್ಲಿ ಕರೆಂಟನ್ನೂ ಡೇಟಾವನ್ನೂ ಕೊಡುವ) ಸ್ವಿಚ್‌ನಿಂದ ಕೇಬಲ್ ಹೋಗಿದೆ. ಫೈಬರ್ ಲೈನ್ 100 ಎಂಬಿಪಿಎಸ್. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ರೇಡಿಯೋ ಸೆಟ್ಟಿಂಗ್ ಡಬ್ಬಿಯಿಂದ ಬಂದ ಹಾಗೆಯೇ ಇದೆ: ಚಾನೆಲ್ ಆಟೋ, ಪವರ್ ಹೈ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 80.

ತೊಂದರೆ ಎರಡು. ಹಿಂದಿನ ಕೋಣೆಯಲ್ಲಿ ಫೋನ್ ಕಡ್ಡಿ ಚೆನ್ನಾಗಿಯೇ ತೋರಿಸುತ್ತದೆ, ವಾಟ್ಸಾಪ್ ಕರೆ ಮಾತ್ರ ತುಂಡು ತುಂಡು. ಕಂಟ್ರೋಲರ್‌ನಲ್ಲಿ ನೋಡಿದರೆ ಫೋನ್ ಇನ್ನೂ ಜಗಲಿಯದಕ್ಕೇ ಅಂಟಿಕೊಂಡಿರುತ್ತದೆ. ಇನ್ನೊಂದು, 5 ಗಿಗಾಹರ್ಟ್ಸ್ ಆಗಾಗ ಒಂದೆರಡು ನಿಮಿಷ ಮಾಯವಾಗಿ ತಾನೇ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಎಲ್ಲವೂ ಇನ್ನಷ್ಟು ಕೆಡುತ್ತದೆ. ಪವರ್ ಆಗಲೇ ಗರಿಷ್ಠದಲ್ಲಿದೆ. ಇನ್ನೇನು ಬದಲಿಸಲಿ?

ಚಾಲಿ_ಅಡಿಕೆ (ಶಿರಸಿ)

ಮೊದಲು ಪವರ್ ಇಳಿಸಿ. ನಿಮ್ಮ ಮೊದಲ ತೊಂದರೆ ಅದೇ.

ಆಕ್ಸೆಸ್ ಪಾಯಿಂಟ್ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್‌ನಲ್ಲಿ ಕಳಿಸಿದ್ದು ಫೋನಿಗೆ ಮುಟ್ಟುತ್ತದೆ, ಕಡ್ಡಿ ತುಂಬುತ್ತದೆ. ಫೋನ್ ವಾಪಸ್ ಕಳಿಸುವ ಶಕ್ತಿ ಅದಕ್ಕಿಂತ ಸಾಕಷ್ಟು ಕಡಿಮೆ, ಬಹಳಷ್ಟು ಫೋನ್‌ಗಳಲ್ಲಿ 15 ಡಿಬಿಎಂ ಆಸುಪಾಸು (ಡಿಬಿಎಂ ಎಂದರೆ ಸಿಗ್ನಲ್ ಶಕ್ತಿಯ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಜಾತ್ರೆಯ ಮೈಕು ಊರಾಚೆಗೂ ಕೇಳಿಸುತ್ತದೆ, ಅಲ್ಲಿಂದ ನೀವು ಕೂಗಿದ್ದು ಮೈಕಿನವರಿಗೆ ಕೇಳುವುದಿಲ್ಲ. ಕರೆ ತುಂಡಾಗುವುದು ಅದಕ್ಕೇ. ಕಡ್ಡಿ ತೋರಿಸುವುದು ಒಂದು ದಿಕ್ಕನ್ನು ಮಾತ್ರ.

ಯಾವ ಆಕ್ಸೆಸ್ ಪಾಯಿಂಟ್‌ಗೆ ಸೇರಬೇಕೆಂದು ತೀರ್ಮಾನಿಸುವುದು ಫೋನ್. ಐಫೋನ್ ಆದರೆ ಸಿಗ್ನಲ್ −70 ಡಿಬಿಎಂಗಿಂತ ಕೆಳಗೆ ಹೋದ ಮೇಲಷ್ಟೇ ಬೇರೆಯದನ್ನು ಹುಡುಕತೊಡಗುತ್ತದೆ. ಜಗಲಿಯದು ಜೋರಾಗಿದ್ದರೆ ಹಿಂದಿನ ಕೋಣೆಯಲ್ಲೂ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ, ಹಾಗಾಗಿ ಫೋನ್ ಬಿಡುವುದೂ ಇಲ್ಲ.

5 ಗಿಗಾಹರ್ಟ್ಸ್‌ಗೆ 17ರಿಂದ 18 ಡಿಬಿಎಂ, 2.4ಕ್ಕೆ 11ರಿಂದ 12 ಇಟ್ಟು ಶುರುಮಾಡಿ. ಎರಡರ ನಡುವೆ ಆ 6 ಡಿಬಿ ಅಂತರ ಬೇಕೇ ಬೇಕು. ಒಂದೇ ಪವರ್ ಕೊಟ್ಟರೆ ಬಯಲಿನಲ್ಲೇ 2.4ರ ಸಿಗ್ನಲ್ ಸುಮಾರು 7 ಡಿಬಿ ಹೆಚ್ಚು ಕಾಣುತ್ತದೆ, ಗೋಡೆ ಅಡ್ಡ ಬಂದರೆ ಇನ್ನೂ ಹೆಚ್ಚು. ಫೋನ್ ಆ ಗದ್ದಲದ ಪಟ್ಟಿಗೇ ಹೋಗಿ ಕೂರುತ್ತದೆ. ಒಂದು ಎಚ್ಚರ: ಕೆಲವು ಪ್ಯಾನೆಲ್‌ಗಳು ಆಂಟೆನಾ ಗೇನ್ (ಆಂಟೆನಾ ಒಂದು ದಿಕ್ಕಿಗೆ ಒಟ್ಟುಗೂಡಿಸಿ ಹೆಚ್ಚಿಸುವ ಸಿಗ್ನಲ್, ಅಳತೆ ಡಿಬಿಐ) ಸೇರಿಸಿದ ಅಂಕಿ ತೋರಿಸುತ್ತವೆ, ಕೆಲವು ಸೇರಿಸದೆ. 4 ಡಿಬಿಐ ಆಂಟೆನಾದಲ್ಲಿ 17 ಎಂಬುದು 21 ಆಗಿರಬಹುದು, ಮ್ಯಾನುಯಲ್ ನೋಡಿಕೊಳ್ಳಿ.

2.4ರಲ್ಲಿ 40 ಅಗಲ ಯಾವ ಕಾರಣಕ್ಕೂ ಬೇಡ, 20 ಮಾಡಿ. ಜಗಲಿಗೆ ಚಾನೆಲ್ 1, ನಡುಮನೆಗೆ 11, ಹಿಂದಕ್ಕೆ 6. ಇಲ್ಲಿ 12, 13 ಕೂಡ ಬಳಸಬಹುದು, ಆದರೆ ಗೋಕರ್ಣಕ್ಕೆ ಬರುವ ವಿದೇಶಿ ಅತಿಥಿಗಳಲ್ಲಿ ಅಮೆರಿಕದಲ್ಲಿ ಕೊಂಡ ಲ್ಯಾಪ್‌ಟಾಪ್, ಫೋನ್ ಇರುತ್ತವೆ. ಅವುಗಳಲ್ಲಿ ಹಲವಕ್ಕೆ ಆ ಎರಡು ಚಾನೆಲ್ ಕಾಣುವುದೇ ಇಲ್ಲ.

ಕರಿ_ಇಷಾಡ (ಅಂಕೋಲಾ)

ಎರಡನೆಯ ತೊಂದರೆಗೆ ಉತ್ತರ ಆಕ್ಸೆಸ್ ಪಾಯಿಂಟ್‌ನ ಲಾಗ್‌ನಲ್ಲಿದೆ (ನಡೆದದ್ದರ ದಾಖಲೆ). "ರಾಡಾರ್ ಡಿಟೆಕ್ಟೆಡ್" ಅಥವಾ "ಡಿಎಫ್‌ಎಸ್" ಎಂಬ ಸಾಲು ಇದೆಯೇ ಹುಡುಕಿ.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 64, 100ರಿಂದ 144ರ ಚಾನೆಲ್‌ಗಳು ರಾಡಾರ್ ಜೊತೆ ಹಂಚಿಕೊಂಡವು; ರಾಡಾರ್ ಕಂಡರೆ ಜಾಗ ಬಿಡುವ ನಿಯಮವೇ ಡಿಎಫ್‌ಎಸ್. ಆಕ್ಸೆಸ್ ಪಾಯಿಂಟ್‌ಗೆ ರಾಡಾರ್ ನಾಡಿ ಕಂಡರೆ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಡಬೇಕು, 30 ನಿಮಿಷ ಅತ್ತ ಹೋಗುವಂತಿಲ್ಲ. ಹೊಸ ಚಾನೆಲ್ ಕೂಡ ಡಿಎಫ್‌ಎಸ್‌ನದೇ ಆದರೆ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಬೇಕು. ನೀವು ಹೇಳುವ ಒಂದೆರಡು ನಿಮಿಷಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಮೀನುಗಾರಿಕೆ ಬೋಟಿನ ರಾಡಾರ್ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೋಟು, ಹಡಗುಗಳ ಸಂಚಾರ ರಾಡಾರ್ ಇರುವುದು 9 ಅಥವಾ 3 ಗಿಗಾಹರ್ಟ್ಸ್ ಸುಮಾರಿನಲ್ಲಿ. ಹವಾಮಾನ ರಾಡಾರ್‌ಗಳು 5.6ರ ಹತ್ತಿರ ಇರುವುದುಂಟು. ಪಕ್ಕದ ವೈಫೈ ಗದ್ದಲವನ್ನೇ ರಾಡಾರ್ ಎಂದು ತಪ್ಪಾಗಿ ಹಿಡಿಯುವುದೂ ಉಂಟು. ಮೂಲ ಯಾವುದಾದರೂ ಪರಿಹಾರ ಒಂದೇ, ಡಿಎಫ್‌ಎಸ್ ಚಾನೆಲ್ ಬಿಡುವುದು.

ಆಗ 80 ಅಗಲಕ್ಕೆ ಉಳಿಯುವುದು ಎರಡೇ ಜಾಗ, 36–48 ಮತ್ತು 149–161. ಆಕ್ಸೆಸ್ ಪಾಯಿಂಟ್ ಮೂರು. ಅದಕ್ಕೇ ಅಗಲ 40ಕ್ಕೆ ಇಳಿಸಿ, ನಾಲ್ಕು ಜಾಗ ಸಿಗುತ್ತದೆ: 36, 44, 149, 157. ಜಗಲಿಗೆ 36, ನಡುಮನೆಗೆ 149, ಹಿಂದಕ್ಕೆ 44. ಅಕ್ಕಪಕ್ಕದ 36, 44ರ ಮಧ್ಯೆ ಇಡೀ ಮನೆ ಬರುತ್ತದೆ. ವೇಗದ ಚಿಂತೆ ಬೇಡ, ಎರಡು ಆಂಟೆನಾದ ವೈಫೈ 6 ಫೋನಿಗೆ 40ರಲ್ಲೂ 574 ಎಂಬಿಪಿಎಸ್ ಲಿಂಕ್ ಸಿಗುತ್ತದೆ, ನಿಮ್ಮ ಲೈನ್ ಇರುವುದು 100.

ಸೆಟ್ಟಿಂಗ್‌ನಲ್ಲಿ ದೇಶ "ಇಂಡಿಯಾ" ಎಂದೇ ಇರಲಿ. 2018ರ ಅಧಿಸೂಚನೆಯ ನಂತರ 5150–5350, 5470–5875 ಮೆಗಾಹರ್ಟ್ಸ್ ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಪಟ್ಟಿಯಲ್ಲಿ ಚಾನೆಲ್ ಕಡಿಮೆ ಕಂಡರೆ ಫರ್ಮ್‌ವೇರ್ ಹಳೆಯದಿರಬಹುದು. ಅದನ್ನು ಅಪ್‌ಡೇಟ್ ಮಾಡಿ, ದೇಶ ಬದಲಿಸಬೇಡಿ.

ಕೂರ್ಮಗಡ (ಕಾರವಾರ)

ಮಳೆಗಾಲದ ಮಾತಿಗೆ ಬರುತ್ತೇನೆ. ಚಿರೆಕಲ್ಲಿನ ತುಂಬ ತೂತು, ಗಿಲಾವು ಇಲ್ಲದ ಹೊರಗೋಡೆ ಜೂನ್‌ನಿಂದ ನೀರು ಕುಡಿಯುತ್ತಲೇ ಇರುತ್ತದೆ. ನೀರಿದ್ದಲ್ಲಿ ಸಿಗ್ನಲ್ ಸೋರಿ ಹೋಗುತ್ತದೆ, 5ರಲ್ಲಿ ಹೆಚ್ಚು. ಮೇ ತಿಂಗಳಲ್ಲಿ ಅಳೆದು ಪವರ್ ನಿಗದಿ ಮಾಡಿದರೆ ಜುಲೈಯಲ್ಲಿ ಸಾಲದು.

ಅಳತೆ ಸುಲಭ. ಫೋನಿನಲ್ಲಿ ಡಿಬಿಎಂ ತೋರಿಸುವ ವೈಫೈ ಅನಲೈಸರ್ ಆ್ಯಪ್ ಹಾಕಿ. ಗೋಡೆಯ ಈ ಬದಿ ಒಂದು ಮೀಟರ್ ದೂರದಲ್ಲಿ ಅರ್ಧ ನಿಮಿಷ ನಿಂತು ಅಂಕಿ ಬರೆದುಕೊಳ್ಳಿ, ಆಮೇಲೆ ಆ ಬದಿ ಅಷ್ಟೇ ದೂರದಲ್ಲಿ. ಫೋನನ್ನು ಎರಡೂ ಕಡೆ ಒಂದೇ ಥರ ಹಿಡಿಯಿರಿ, ಕೈ ಅಡ್ಡ ಬಂದರೆ ಅಂಕಿ ಕೆಡುತ್ತದೆ. ವ್ಯತ್ಯಾಸವೇ ಹೆಚ್ಚೂಕಡಿಮೆ ಆ ಗೋಡೆ ತಿನ್ನುವ ಡಿಬಿ. ಮಂಚದ ಹತ್ತಿರ 5 ಗಿಗಾಹರ್ಟ್ಸ್ −67 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಕರೆಗೆ ತೊಂದರೆಯಿಲ್ಲ. ಕೊರತೆ ಬಿದ್ದರೆ ಆ ಒಂದರಲ್ಲಿ ಮಾತ್ರ 2–3 ಡಿಬಿ ಏರಿಸಿ, ಮೂರರಲ್ಲೂ ಅಲ್ಲ.

ಅಂಗಳಕ್ಕೆ ತಗಡಿನ ಮಾಡು ಹಾಕಿದ್ದರೆ ಅದರಾಚೆಗೆ ಸಿಗ್ನಲ್ ದಾಟುವುದನ್ನು ಲೆಕ್ಕಕ್ಕೇ ಹಿಡಿಯಬೇಡಿ. ತಟ್ಟೆ ಆಕಾರದ ಆಕ್ಸೆಸ್ ಪಾಯಿಂಟ್ ಮುಖ ಕೆಳಗಿರಬೇಕು, ಅಟ್ಟದ ಮೇಲೆ ಅಂಗಾತ ಇಟ್ಟರೆ ಅರ್ಧ ಶಕ್ತಿ ಹೆಂಚಿಗೆ ಹೋಗುತ್ತದೆ.

ಇನ್ನು ಕನಿಷ್ಠ ಡೇಟಾ ರೇಟ್. 2.4ರಲ್ಲಿ 1, 2, 5.5, 11 ಎಂಬಿಪಿಎಸ್ ವೇಗಗಳನ್ನು ತೆಗೆದು 6ರಿಂದ ಶುರುಮಾಡಿ. ಇಲ್ಲವಾದರೆ ಪ್ರತಿ ವೈಫೈ ಹೆಸರಿನ ಬೀಕನ್ ("ನಾನಿದ್ದೇನೆ" ಎಂದು ಸಾರುವ ಸಂದೇಶ) ಸೆಕೆಂಡಿಗೆ ಹತ್ತು ಸಲ 1 ಎಂಬಿಪಿಎಸ್‌ನಲ್ಲಿ ತೆವಳುತ್ತ ಗಾಳಿಯ ಸಮಯ ತಿನ್ನುತ್ತದೆ. ಹೆಸರುಗಳೂ ಎರಡೇ ಸಾಕು, ಅತಿಥಿಗಳಿಗೊಂದು, ಮನೆಗೊಂದು.

ಅಘನಾಶಿನಿ_ದಂಡೆ (ಗೋಕರ್ಣ)

ಲಾಗ್ ನೋಡಿದೆ. ಹಿಂದಿನ ಪಡಸಾಲೆಯದು 100ರಲ್ಲಿತ್ತು, ರಾಡಾರ್ ಸಾಲು ಹಲವು ಸಲ ಇದೆ. 44ಕ್ಕೆ ಹಾಕಿದ್ದೇನೆ, ಉಳಿದವೂ ನೀವು ಹೇಳಿದ ಹಾಗೆ. ಪ್ಯಾನೆಲ್‌ನಲ್ಲಿ "ಮಿನಿಮಮ್ ಆರ್‌ಎಸ್‌ಎಸ್‌ಐ", "ಫಾಸ್ಟ್ ರೋಮಿಂಗ್" ಎಂದು ಎರಡಿವೆ, ಹಾಕಲೇ? ಸಿಸಿ ಕ್ಯಾಮೆರಾ ಎರಡು 2.4ರಲ್ಲಿವೆ.

ಚಾಲಿ_ಅಡಿಕೆ (ಶಿರಸಿ)

ಮಿನಿಮಮ್ ಆರ್‌ಎಸ್‌ಎಸ್‌ಐ, ಅಂದರೆ ಸಿಗ್ನಲ್ ಇಷ್ಟಕ್ಕಿಂತ ಇಳಿದ ಫೋನನ್ನು ಹೊರಗೆ ಹಾಕುವ ಮಿತಿ, ಸದ್ಯ ಬೇಡ. ಪವರ್ ಇಳಿಸಿದ್ದರಿಂದಲೇ ಅಂಟಿಕೊಳ್ಳುವುದು ನಿಲ್ಲಬೇಕು. ಆಮೇಲೂ ಉಳಿದರೆ 5ರಲ್ಲಿ ಮಾತ್ರ −78 ಇಡಿ. −70 ಇಟ್ಟರೆ ಗೋಡೆ ಮೂಲೆಯಲ್ಲಿ ಕೂತವರನ್ನು ಹೊರಗೆ ಹಾಕುತ್ತದೆ, ಅವರು ಮತ್ತೆ ಸೇರುತ್ತಾರೆ, ಅದು ಮತ್ತೆ ಹೊರಗೆ ಹಾಕುತ್ತದೆ.

ರೋಮಿಂಗ್‌ನಲ್ಲಿ 11ಕೆ, 11ವಿ (ಹತ್ತಿರದ ಬೇರೆ ಆಕ್ಸೆಸ್ ಪಾಯಿಂಟ್ ಯಾವುದೆಂದು ಫೋನಿಗೆ ಸೂಚಿಸುವವು) ಆನ್ ಮಾಡಿ. 11ಆರ್ (ಬೇಗ ದಾಟಿಸುವ "ಫಾಸ್ಟ್ ರೋಮಿಂಗ್") ಆಫ್ ಇರಲಿ, ಹಳೆಯ ಕೆಲವು ಉಪಕರಣ ಅದಿದ್ದರೆ ಸೇರುವುದೇ ಇಲ್ಲ. ಕ್ಯಾಮೆರಾ ಇರುವ ವೈಫೈ ಹೆಸರಿಗೆ ಡಬ್ಲ್ಯೂಪಿಎ2 ಭದ್ರತೆ ಮಾತ್ರ, ಅಗ್ಗದ ಕ್ಯಾಮೆರಾಗಳು ಡಬ್ಲ್ಯೂಪಿಎ3 ಕಂಡರೆ ತಡವರಿಸುತ್ತವೆ. ರಾತ್ರಿ ತಾನಾಗಿ ಚಾನೆಲ್ ಬದಲಿಸುವ "ಆಪ್ಟಿಮೈಸ್" ಟಿಕ್ ಇದ್ದರೆ ಈಗಲೇ ತೆಗೆಯಿರಿ, ಇಲ್ಲವಾದರೆ ನಾಳೆ ಮತ್ತೆ 100ಕ್ಕೆ ಹೋಗಿ ಕೂತಿರುತ್ತದೆ.