ಪದಚರ್ಚೆ: ಕ್ರ್ಯಾನ್‌ಬೆರಿ ಸಾಸ್‌ಗೆ ‘ಗೊಜ್ಜು’ ಅಂದರೆ ಸರಿಯೇ? ‘ಬಿರಿ’, ‘ಬಿಗಿ’ ಬಗ್ಗೆಯೂ ಕೇಳಬೇಕಿತ್ತು

ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗೆ ಒಂದು ಅಡುಗೆ ಪಾಠ ಬರೆಯುತ್ತಿದ್ದೇನೆ. ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅವತ್ತಿನ ಊಟಕ್ಕೆ ಟರ್ಕಿ ಕೋಳಿ, ಜೊತೆಗೆ ಕ್ರ್ಯಾನ್‌ಬೆರಿ ಅನ್ನುವ ಪುಟ್ಟ ಕೆಂಪು ಹುಳಿಹಣ್ಣಿನ ಸಾಸ್ ಇಲ್ಲಿಯವರ ವಾಡಿಕೆ. ನಮ್ಮಲ್ಲಿ ಸುಮಾರು ಮನೆಗಳಲ್ಲಿ ಅವತ್ತು ಟರ್ಕಿ ಬೇಯುವುದಿಲ್ಲ. ಆದರೆ ಕ್ರ್ಯಾನ್‌ಬೆರಿ ಸಾಸ್ ಇರುತ್ತದೆ. ಮಕ್ಕಳೇ ಕೇಳಿ ಮಾಡಿಸಿಕೊಳ್ಳುತ್ತಾರೆ. ಮಾಡುವುದಂತೂ ತೀರಾ ಸುಲಭ. ಬರೆಯುವುದೂ ಹಾಗೇ ಇರುತ್ತದೆ ಅಂದುಕೊಂಡು ಕೂತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಾಲ್ಕು ಕಡೆ ನಿಂತುಬಿಟ್ಟೆ.

ಈ ಹಣ್ಣನ್ನು ನೋಡದವರಿಗೆ ಮೊದಲು ಮಾಡುವ ಬಗೆ ಹೇಳುತ್ತೇನೆ. ಅಂಗಡಿಯಲ್ಲಿ 340 ಗ್ರಾಂ ಪೊಟ್ಟಣ ಸಿಗುತ್ತದೆ. ಒಂದು ಲೋಟ ನೀರಿಗೆ ಒಂದು ಲೋಟ ಸಕ್ಕರೆ ಹಾಕಿ ಕುದಿಸಬೇಕು. ತೊಳೆದ ಹಣ್ಣು ಹಾಕಬೇಕು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ. ಕಿತ್ತಳೆ ಸಿಪ್ಪೆಯನ್ನು ಸ್ವಲ್ಪ ತುರಿದು ಹಾಕಿದರೆ ಘಮ ಬರುತ್ತದೆ, ಬೇಕಾದರೆ ಒಂದು ಚೂರು ಚಕ್ಕೆ. ಅಷ್ಟೇ.

ಮೊದಲನೆಯದು ‘ಸಾಸ್’. ಕನ್ನಡದಲ್ಲಿ ಸಾಸ್ ಅಂದ ತಕ್ಷಣ ಕಣ್ಣಿಗೆ ಬರುವುದು ಸೀಸೆ. ಸಮೋಸದ ಜೊತೆಗಿನ ಟೊಮೇಟೊ ಸಾಸ್, ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್. ಈ ಪದಾರ್ಥ ಹಾಗಿಲ್ಲ. ಸೌಟಿನಲ್ಲಿ ತೆಗೆದರೆ ಗುಪ್ಪೆಯಾಗಿ ಕೂರುತ್ತದೆ, ನಡುನಡುವೆ ಅರೆಬೆಂದ ಹಣ್ಣಿನ ಚೂರು ಸಿಗುತ್ತದೆ. ಲ್ಯಾಟಿನ್‌ನಲ್ಲಿ ‘ಉಪ್ಪು ಹಾಕಿದ್ದು’ ಅನ್ನುವ ಅರ್ಥದ ಪದದಿಂದ ಬಂದದ್ದು ಸಾಸ್. ಈ ಸಾಸ್‌ಗೆ ಉಪ್ಪು ಬೇಕೇ ಬೇಕು ಅಂತಿಲ್ಲ. ಹೆಸರು ಎಲ್ಲಿಂದಲೋ ಹೊರಟು ಎಲ್ಲಿಗೋ ಬಂದಿದೆ. ಹಾಗಿದ್ದಾಗ ನಾವು ಅದನ್ನೇ ಯಾಕೆ ಹಿಡಿದುಕೊಳ್ಳಬೇಕು?

ಹೋದ ವರ್ಷ ಅಮ್ಮ ತುಮಕೂರಿನಿಂದ ಬಂದಿದ್ದರು. ಹಬ್ಬದ ಹಿಂದಿನ ದಿನ ಒಲೆಯ ಪಕ್ಕ ನಿಂತು ನೋಡುತ್ತಿದ್ದರು. ಪೊಟ್ಟಣದಿಂದ ಒಂದನ್ನು ತೆಗೆದು ಹಲ್ಲಿನಲ್ಲಿ ಕಚ್ಚಿದರು. ಮುಖ ಹಿಂಡಿಕೊಂಡು, “ಇದು ಕಾಯೋ ಹಣ್ಣೋ?” ಅಂದರು. ಪೂರ್ತಿ ಕೆಂಪಗಿದೆಯಲ್ಲ, ಹಣ್ಣೇ ಅಂದೆ. “ಬಣ್ಣ ಬಂದ್ರೆ ಹಣ್ಣಾಗುತ್ತಾ? ಹುಳಿಗಿಂತ ಒಗರೇ ಜಾಸ್ತಿ ಇದೆ” ಅಂದರು. ಅಷ್ಟರಲ್ಲಿ ಒಂದು ಕೈಜಾರಿ ಬಿತ್ತು. ಪುಟ್ಟ ರಬ್ಬರ್ ಚೆಂಡಿನ ಹಾಗೆ ನೆಲದ ಮೇಲೆ ಎರಡು ಸಲ ಪುಟಿಯಿತು. ಒಳ್ಳೆಯ ಕ್ರ್ಯಾನ್‌ಬೆರಿಯ ಗುರುತು ಅದು. ಒಳಗೆ ಗಾಳಿ ತುಂಬಿದ ನಾಲ್ಕು ಗೂಡುಗಳಿರುತ್ತವೆ. ಕೊಳೆತದ್ದು ಪುಟಿಯುವುದಿಲ್ಲ. ಕೊಯ್ಲಿನಲ್ಲಿ ನೆರವಾಗುವುದೂ ಈ ಗಾಳಿಯೇ. ಬಳ್ಳಿ ವರ್ಷವೆಲ್ಲ ನೀರಿನಲ್ಲಿ ಬೆಳೆಯುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಗದ್ದೆಗೆ ನೀರು ಬಿಟ್ಟು, ಯಂತ್ರದಿಂದ ಬಳ್ಳಿ ಅಲ್ಲಾಡಿಸಿದರೆ ಹಣ್ಣೆಲ್ಲ ಕಳಚಿ ತೇಲುತ್ತದೆ. ನಮ್ಮ ರಾಜ್ಯದ ಕರಾವಳಿಯ ಕೇಪ್ ಕಾಡ್ ಕಡೆ ಹೋದಾಗ ನೋಡಿದ್ದೇನೆ, ಕೆರೆಗೆ ಕುಂಕುಮ ಚೆಲ್ಲಿದ ಹಾಗಿರುತ್ತದೆ. ಅಲ್ಲೇ ಡೆನಿಸ್ ಅನ್ನುವ ಊರಿನಲ್ಲಿ 1816ರಲ್ಲಿ ಹೆನ್ರಿ ಹಾಲ್ ಅನ್ನುವವರು ಇದನ್ನು ಬೆಳೆಯಾಗಿ ಬೆಳೆಯಲು ಶುರುಮಾಡಿದ್ದು. ಅದಕ್ಕೂ ಬಹಳ ಮೊದಲಿನಿಂದ ಅಲ್ಲಿಯ ಮೂಲ ಜನ ವಾಂಪನೋಆಗರು ಜೌಗು ನೆಲದಿಂದ ಆಯ್ದು ತಿನ್ನುತ್ತಿದ್ದರು.

ಅಮ್ಮನ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಇಂಗ್ಲಿಷಿನವರು ಇಂಥ ಪ್ರಶ್ನೆ ಕೇಳುವುದಿಲ್ಲ. ನಮಗೆ ನೆಲ್ಲಿ ಎಷ್ಟು ಬಲಿತರೂ ನೆಲ್ಲಿಕಾಯಿಯೇ. ಹುಣಸೆ ಎಷ್ಟು ಹುಳಿಯಿದ್ದರೂ ಹುಣಸೆಹಣ್ಣೇ. ಶರಬತ್ತಿಗೆ ನಿಂಬೆಹಣ್ಣು ಹಿಂಡುತ್ತೇವೆ, ಉಪ್ಪಿನಕಾಯಿಗೆ ಹಾಕುವಾಗ ನಿಂಬೆಕಾಯಿ ಅನ್ನುತ್ತೇವೆ. ಅಂದರೆ ಕಾಯಿ, ಹಣ್ಣು ಅನ್ನುವಾಗ ಬಲಿತಿದೆಯೋ ಇಲ್ಲವೋ ಅನ್ನುವುದರ ಜೊತೆಗೆ, ಅದನ್ನು ಸುಮ್ನೆ ಬಾಯಿಗೆ ಹಾಕಿಕೊಳ್ಳಬಹುದೋ, ಅಡುಗೆಗೆ ಇಳಿಸಬೇಕೋ ಅನ್ನುವುದನ್ನೂ ಹೇಳುತ್ತಿದ್ದೇವೆ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಕ್ರ್ಯಾನ್‌ಬೆರಿ ಕಾಯಿಯ ಪಂಕ್ತಿಗೇ ಸೇರಬೇಕು. ಪಾಠದಲ್ಲಿ ‘ಹಣ್ಣು’ ಅಂತಲೇ ಬರೆದಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ.

ಹತ್ತು ನಿಮಿಷ ಆದ ಮೇಲೆ ಅಮ್ಮ ಚಮಚದ ತುದಿಯಲ್ಲಿ ರುಚಿ ನೋಡಿದರು. “ಗೊಜ್ಜೇ ಕಣೋ ಇದು. ಅನಾನಸ್ ಗೊಜ್ಜಿನ ತಂಗಿ” ಅಂದರು. ನನಗೂ ಆ ಕ್ಷಣಕ್ಕೆ ಸರಿ ಅನ್ನಿಸಿತು. ಹುಳಿ ಇದೆ, ಸಿಹಿ ಇದೆ, ಕುದಿಸಿ ಮಂದ ಮಾಡಿದ್ದು, ಊಟದಲ್ಲಿ ಪಕ್ಕಕ್ಕೆ ಬಡಿಸಿಕೊಂಡು ಬೇರೆಯದರ ಜೊತೆ ನಂಜಿಕೊಳ್ಳುವುದು. ಗೊಜ್ಜಿನ ಕೆಲಸವೂ ಅದೇ ಅಲ್ವಾ? ಆದರೆ ಗೊಜ್ಜು ಅಂದರೆ ಖಾರ ಇರಲೇಬೇಕು. ನಮ್ಮ ಕಡೆ ಗೊಜ್ಜಿಗೆ ಮೆಂತ್ಯ, ಎಳ್ಳು, ಒಣಮೆಣಸಿನಕಾಯಿ ಹುರಿದು ಪುಡಿ ಮಾಡಿ ಹಾಕುತ್ತಾರೆ, ಒಗ್ಗರಣೆ ಬೀಳುತ್ತದೆ. ಇದರಲ್ಲಿ ಅದ್ಯಾವುದೂ ಇಲ್ಲ. ‘ಕ್ರ್ಯಾನ್‌ಬೆರಿ ಗೊಜ್ಜು’ ಅಂತ ಬರೆದರೆ ಓದುವವರ ನಾಲಿಗೆ ಖಾರಕ್ಕೆ ಕಾಯುತ್ತದೆ. ಅಮ್ಮ ಅವತ್ತೇ ಅರ್ಧ ಭಾಗವನ್ನು ಬೇರೆ ಬಾಣಲೆಗೆ ಬಗ್ಗಿಸಿ, ಸಾಸಿವೆ, ಇಂಗು, ಗೊಜ್ಜಿನ ಪುಡಿ, ಉಪ್ಪು ಹಾಕಿ ನಿಜವಾದ ಗೊಜ್ಜು ಮಾಡಿದರು. ಚಪಾತಿಗೆ ಅದೇ ಮೊದಲು ಖಾಲಿಯಾಯಿತು. ಈಗ ನಮ್ಮ ಮನೆಯಲ್ಲಿ ಅದಕ್ಕೆ ಗೊಜ್ಜು ಅನ್ನುತ್ತೇವೆ. ಒಗ್ಗರಣೆ ಬೀಳದ್ದಕ್ಕೆ ‘ಸಿಹಿಗೊಜ್ಜು’ ಅನ್ನುತ್ತೇವೆ.

ಆದರೆ ಇದು ಹಳೇ ಮೈಸೂರಿನ ಕಿವಿ. ಪುತ್ತೂರಿನ ಗೆಳತಿಯೊಬ್ಬರಿಗೆ ಕರಡು ತೋರಿಸಿದೆ. ಅವರಿಗೆ ಗೊಜ್ಜು ಅಂದರೆ ಸುಟ್ಟ ಬದನೆಕಾಯಿ ಕಿವುಚಿ ಮಾಡುವ ತೆಳ್ಳನೆಯದು. ಅನಾನಸ್‌ನದು ಅವರಲ್ಲಿ ‘ಮೆಣಸ್ಕಾಯಿ’. ಹೆಸರಿನಲ್ಲೇ ಮೆಣಸು ಕೂತಿರುವುದರಿಂದ ನಮ್ಮ ಸಿಹಿ ಪದಾರ್ಥಕ್ಕೆ ಅದು ಹೊಂದುವುದಿಲ್ಲ.

ಧಾರವಾಡದ ನೆರೆಯವರು ಮಾತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. “ಇದು ಗುಳಂಬ ಅಲ್ರೀ?” ಅಂದರು. ಮಾವಿನಕಾಯಿ ತುರಿದು, ಬೆಲ್ಲ ಅಥವಾ ಸಕ್ಕರೆಯಲ್ಲಿ ಬೇಯಿಸಿ, ಭರಣಿಯಲ್ಲಿ ತುಂಬಿಡುವ ಗುಳಂಬ. ಖಾರವಿಲ್ಲ, ಒಗ್ಗರಣೆಯಿಲ್ಲ, ಹುಳಿಕಾಯಿ, ಸಿಹಿ, ಬೆಂಕಿ ಅಷ್ಟೇ. ಮಾಡುವ ಬಗೆಯಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ. ನನ್ನ ತಕರಾರು ಒಂದೇ. ಪದ ಮರಾಠಿಯಿಂದ ಬಂದದ್ದು, ಗುಳ ಅಂದರೆ ಬೆಲ್ಲ, ಆಂಬಾ ಅಂದರೆ ಮಾವು. ಮಾವೇ ಇಲ್ಲದ್ದನ್ನು ಗುಳಂಬ ಅನ್ನುವುದು ಹೇಗೆ?

ಈ ತಕರಾರನ್ನು ನಾನೇ ಮುರಿದುಕೊಳ್ಳಬೇಕಾಯಿತು. 1796ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲಿ, ಸುಟ್ಟ ಟರ್ಕಿಯ ಜೊತೆ ಬೇಯಿಸಿದ ಈರುಳ್ಳಿ, ಕ್ರ್ಯಾನ್‌ಬೆರಿ ಸಾಸ್, ‘ಮ್ಯಾಂಗೋ’ ಬಡಿಸಿ ಅಂತಿದೆ. 1796ರ ಅಮೆರಿಕದ ಊಟದಲ್ಲಿ ಮಾವು ಎಲ್ಲಿಂದ ಬಂತು ಅಂತ ಬೆರಗಾಯಿತು. ಅದು ಮಾವಲ್ಲ. ನಮ್ಮ ಕಡೆಯ ಮಾವು ಆಗ ಅಷ್ಟು ದೂರ ಹೋಗುತ್ತಿದ್ದುದು ಉಪ್ಪಿನಕಾಯಿಯಾಗಿ ಮಾತ್ರ. ಹಾಗಾಗಿ ಆ ಕಾಲದ ಇಂಗ್ಲಿಷಿನಲ್ಲಿ ಎಳೆ ಕರಬೂಜಕ್ಕೋ ದೊಣ್ಣೆಮೆಣಸಿನಕಾಯಿಗೋ ಮಸಾಲೆ ತುಂಬಿ ಹಾಕಿದ ಉಪ್ಪಿನಕಾಯಿಗೂ ಮ್ಯಾಂಗೋ ಅಂತಲೇ ಹೆಸರಾಯಿತು. ಕ್ರ್ಯಾನ್‌ಬೆರಿ ಸಾಸ್‌ನ ಪಕ್ಕದಲ್ಲೇ ಮಾವಿಲ್ಲದ ‘ಮಾವು’ ಕೂತಿದೆ! ನಮ್ಮ ‘ಎಣ್ಣೆ’ಯೂ ಅಷ್ಟೇ ಅಲ್ವಾ? ಎಳ್ಳಿನ ನೆಯ್ ಅಂತ ಹುಟ್ಟಿದ ಪದ. ಈಗ ಕೊಬ್ಬರಿ ಎಣ್ಣೆ, ಕಡ್ಲೆಕಾಯಿ ಎಣ್ಣೆ ಅನ್ನುವಾಗ ಯಾರೂ ಎಳ್ಳು ಹುಡುಕುವುದಿಲ್ಲ. ಆ ದಾರಿಯಲ್ಲಿ ಕ್ರ್ಯಾನ್‌ಬೆರಿ ಗುಳಂಬವೂ ನಿಲ್ಲುತ್ತದೆ.

ಆ ಪುಸ್ತಕದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅಲ್ಲಿ ಅಚ್ಚಾಗಿರುವುದು ಕ್ರ್ಯಾನ್‌ಬೆರಿ ಅಂತ ಅಲ್ಲ, ‘ಕ್ರ್ಯಾಮ್‌ಬೆರಿ’ ಅಂತ. ಬಕಾರಕ್ಕೆ ಮೊದಲು ಬರುವ ನಕಾರ ಬಾಯಲ್ಲಿ ಮಕಾರವಾಗಿದೆ. ನಮಗೆ ಇದು ಹೊಸದಲ್ಲ. ಹಿಂದೆ ಇರುವ ಬಾಗಿಲು ಹಿಂಬಾಗಿಲು, ಮುಂದಿನದು ಮುಂಬಾಗಿಲು. ಸೊನ್ನೆ ಹಾಕಿ ‘ಕ್ರ್ಯಾಂಬೆರಿ’ ಅಂತ ಬರೆದರೆ ಓದುವವರ ತುಟಿ ತಾನಾಗಿ ಸರಿಯಾದ ಕಡೆ ಮುಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಬರೆಯುವುದೂ ಸುಲಭ. ಇಲ್ಲಿಂದ ಮುಂದೆ ಹಾಗೇ ಬರೆಯುತ್ತೇನೆ, ಕಣ್ಣಿಗೆ ಒಗ್ಗುತ್ತದೆಯೇ ನೋಡಿ ಹೇಳಿ.

ಹಣ್ಣಿನ ಹೆಸರನ್ನೇ ಕನ್ನಡಕ್ಕೆ ತರೋಣ ಅಂತ ಇಬ್ಬರು ಹೇಳಿದರು. ಒಬ್ಬರದು ‘ಕೊಕ್ಕರೆಹಣ್ಣು’. ಹೂವಿನ ತೊಟ್ಟು ಬಾಗಿ, ಎಸಳು ಹಿಂದಕ್ಕೆ ಮಡಚಿಕೊಂಡಾಗ ಕ್ರೇನ್ ಹಕ್ಕಿಯ ಕತ್ತು, ಕೊಕ್ಕಿನ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು ಬಂತು ಅನ್ನುತ್ತಾರೆ. ಆದರೆ ನಮ್ಮ ಕೊಕ್ಕರೆ ಆ ಹಕ್ಕಿಯಲ್ಲ. ಕೊಕ್ಕರೆ ಬೆಳ್ಳೂರಿಗೆ ಬರುವ ಹಕ್ಕಿಗಳ ಜಾತಿಯೇ ಬೇರೆ. ಹೆಸರು ಕೇಳಿದವರಿಗೆ ಹಣ್ಣೂ ಕಾಣುವುದಿಲ್ಲ, ಹೂವೂ ಕಾಣುವುದಿಲ್ಲ. ಇನ್ನೊಬ್ಬರದು ‘ಕವಳಿಹಣ್ಣು’. ಮಲೆನಾಡು, ಕರಾವಳಿಯವರಿಗೆ ಗೊತ್ತು, ಕೆಲವು ಕಡೆ ಕರಂಡೆ ಅನ್ನುತ್ತಾರೆ. ಗಾತ್ರ, ಬಣ್ಣ, ಹುಳಿ ಎಲ್ಲ ಹೋಲುತ್ತದೆ. ಆದರೆ ಕವಳಿ ಕಣಗಿಲೆಯ ಕುಲದ್ದು, ಮುಳ್ಳುಗಿಡ, ಕಾಯಿ ಕಿತ್ತರೆ ಹಾಲು ಸೋರುತ್ತದೆ. ಬೇಕರಿಯಲ್ಲಿ ಸಕ್ಕರೆ ಪಾಕದ ಕವಳಿಯನ್ನು ಆಗಲೇ ‘ಚೆರಿ’ ಅಂತ ಮಾರುತ್ತಿದ್ದಾರೆ. ಅದರ ತಲೆಗೆ ಇನ್ನೊಂದು ಹೆಸರು ಕಟ್ಟುವುದು ಬೇಡ. ಕ್ರ್ಯಾಂಬೆರಿ ಕ್ರ್ಯಾಂಬೆರಿಯಾಗಿಯೇ ಇರಲಿ.

ಮುಂದಿನದು ಕ್ರಿಯಾಪದಗಳು. ನನಗೆ ನಿಜವಾಗಿ ಸಹಾಯ ಬೇಕಾಗಿರುವುದು ಇಲ್ಲಿ.

ಬಿಸಿ ಪಾಕದಲ್ಲಿ ಹಣ್ಣಿನ ಸಿಪ್ಪೆ ಪಟ್ ಪಟ್ ಅಂತ ಸದ್ದು ಮಾಡಿ ಬಾಯಿಬಿಡುತ್ತದೆ. ಇದಕ್ಕೆ ‘ಸಿಡಿಯುತ್ತದೆ’ ಅಂತ ಬರೆದೆ. ಸಿಡಿಯುವುದು ಸಾಸಿವೆ. ಅದು ಹಾರುತ್ತದೆ, ಮೈಮೇಲೆ ಬೀಳುತ್ತದೆ. ಮಕ್ಕಳು ಹೆದರಿ ದೂರ ನಿಲ್ಲುತ್ತಾರೆ. ‘ಒಡೆಯುತ್ತದೆ’ ಅಂದರೆ ಹಾಲು ಕೆಟ್ಟ ನೆನಪು ಬರುತ್ತದೆ. ಅಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿ ಹೇಳಿದ್ದು, “ಎಲ್ಲಾ ಬಿರಿದಿದೆ ನೋಡು.” ಬಿರಿಯುವುದು ಮಲ್ಲಿಗೆ ಮೊಗ್ಗು, ಬಲಿತ ದಾಳಿಂಬೆ, ಬೇಸಿಗೆಯ ನೆಲ. ಹೊಟ್ಟೆ ಬಿರಿಯ ತಿಂದ ಅನ್ನುತ್ತೇವೆ. ಒಳಗಿನಿಂದ ಒತ್ತಡ ಬಂದು ಹೊರಗಿನ ಪದರ ಬಿಟ್ಟುಕೊಡುವುದು ಬಿರಿಯುವುದು. ಕ್ರ್ಯಾಂಬೆರಿಯಲ್ಲಿ ಆಗುವುದು ಅದೇ, ಬಿಸಿಗೆ ಒಳಗಿನ ಗಾಳಿ ಉಬ್ಬಿ ಸಿಪ್ಪೆ ಸೀಳುತ್ತದೆ. ಆದರೆ ಈಗಿನ ಮಕ್ಕಳು ‘ಬಿರಿ’ಯನ್ನು ಹೂವಿನ ಆಚೆ ಕೇಳಿಯೇ ಇಲ್ಲ. ನಿಮ್ಮ ಮನೆಗಳಲ್ಲಿ ಅಡುಗೆಯ ಮಾತಿನಲ್ಲಿ ಬಿರಿ ಇನ್ನೂ ಉಳಿದಿದೆಯೇ?

ಕೊನೆಯ ತೊಡಕು ಇಳಿಸುವ ಹದದ್ದು. ಎರಡು ವರ್ಷದ ಹಿಂದೆ ಇದೇ ವಿಧಾನವನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದ್ದೆ. ‘ಗಟ್ಟಿಯಾಗುವವರೆಗೆ ಕುದಿಸಿ’ ಅಂತ ಬರೆದಿದ್ದೆ. ಒಬ್ಬರು ಅದನ್ನು ನಂಬಿ ಮೂವತ್ತೈದು ನಿಮಿಷ ಕುದಿಸಿದರು. ಬಿಸಿಯಲ್ಲಿ ಇದು ತೆಳ್ಳಗೇ ಕಾಣುತ್ತದೆ, ಅವರು ಕಾಯುತ್ತಲೇ ಹೋದರು. ಮರುದಿನ ಚಮಚ ಇಳಿಯಲಿಲ್ಲ, ಅಂಚೆಲ್ಲ ಕಹಿ. ಹಬ್ಬಕ್ಕೆ ಬಂದ ನೆಂಟರ ಮುಂದೆ ಅವರು ಅದನ್ನು ಇಡಲಾಗಲಿಲ್ಲ. ಇಂದಿಗೂ ನನಗೆ ಅದರ ಬೇಸರ ಇದೆ. ತಪ್ಪು ಅವರದಲ್ಲ, ನನ್ನ ಪದದ್ದು. ಕ್ರ್ಯಾಂಬೆರಿಯಲ್ಲಿ ಪೆಕ್ಟಿನ್ ಅನ್ನುವ ಹಣ್ಣಿನ ಅಂಟು ಜಾಸ್ತಿ. ಹುಳಿ, ಸಕ್ಕರೆ ಸೇರಿದಾಗ ಅದು ಆರುತ್ತಾ ಆರುತ್ತಾ ತಾನೇ ಹಿಡಿದುಕೊಳ್ಳುತ್ತದೆ, ಒಲೆಯ ಮೇಲಲ್ಲ. ಅದಕ್ಕೆ ಪದ ಬೇಕು.

‘ಹೆಪ್ಪುಗಟ್ಟುತ್ತದೆ’ ಅಂದರೆ ಮೊಸರಿನ ಹೆಪ್ಪು, ಇಲ್ಲವೇ ಮಂಜುಗಡ್ಡೆ. ಫ್ರೀಜರಿನಲ್ಲಿ ಇಟ್ಟುಬಿಟ್ಟಾರು. ‘ಸುಂಡಿಸು’, ‘ಬತ್ತಿಸು’ ನೀರು ಕಮ್ಮಿ ಮಾಡುವುದಕ್ಕೆ ಚೆಂದದ ಪದಗಳು, ಆದರೆ ಅವು ಒಲೆಯ ಮೇಲಿನ ಕೆಲಸ. ‘ಪಾಕ ಬರುವುದು’ ಅಂದರೆ ಎಳೆ ನೋಡಬೇಕು, ಇಲ್ಲಿ ಎಳೆ ಬರುವುದಿಲ್ಲ. ಕೊನೆಗೆ ಸಿಕ್ಕಿದ್ದು ಕೇಸರಿಬಾತ್ ಮಾಡುವಾಗಿನ ಮಾತು, “ಸ್ವಲ್ಪ ಸಡಿಲವಾಗೇ ಇಳಿಸು, ಆರಿದ ಮೇಲೆ ಬಿಗಿಯುತ್ತೆ.” ಈಗ ಪಾಠದಲ್ಲಿ ಹೀಗೆ ಬರೆದಿದ್ದೇನೆ: ‘ಮುಕ್ಕಾಲು ಪಾಲು ಬಿರಿದ ಕೂಡಲೇ ಇಳಿಸಿ. ಸಡಿಲವಾಗಿ ಕಂಡರೆ ಹೆದರಬೇಡಿ. ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದಿದ್ದರೆ ಸಾಕು. ಆರಿದ ಮೇಲೆ ಬಿಗಿಯುತ್ತದೆ.’

ಡಬ್ಬಿಯ ಸಾಸ್ ಬಗ್ಗೆ ಒಂದು ಮಾತು. ಡಬ್ಬಿಯಿಂದ ಜಾರಿಸಿದರೆ ಅದು ದುಂಡು ಕಂಬದ ಹಾಗೆ ನಿಲ್ಲುತ್ತದೆ, ಡಬ್ಬಿಯ ಗೆರೆಗಳೂ ಮೈಮೇಲೆ ಮೂಡಿರುತ್ತವೆ. ಚಾಕುವಿನಲ್ಲಿ ಬಿಲ್ಲೆ ಕತ್ತರಿಸಿ ಬಡಿಸುತ್ತಾರೆ. ಇಂಗ್ಲಿಷಿನಲ್ಲಿ ಅದೂ ಸಾಸೇ. ನಾನು ಅದನ್ನು ಗೊಜ್ಜು ಅನ್ನಲಾರೆ, ಗುಳಂಬ ಅಂತಲೂ ಅನ್ನಲಾರೆ. ಕತ್ತರಿಸುವುದಾದರೆ ಅದು ಹಾಲುಬಾಯಿಯ ನೆಂಟ.

ಸದ್ಯಕ್ಕೆ ಕರಡಿನ ತಲೆಬರಹ ‘ಕ್ರ್ಯಾಂಬೆರಿ ಸಿಹಿಗೊಜ್ಜು’ ಅಂತಿದೆ, ಕೆಳಗೆ ‘ಉತ್ತರ ಕರ್ನಾಟಕದವರು ಗುಳಂಬ ಅಂದುಕೊಳ್ಳಿ’ ಅಂತ ಒಂದು ಸಾಲು. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರು, ಕೊಡಗಿನವರು, ಕುಂದಾಪುರದವರು ದಯವಿಟ್ಟು ಹೇಳಿ. ಹುಳಿಕಾಯಿಯನ್ನು ಖಾರ ಹಾಕದೆ ಸಿಹಿಯಲ್ಲಿ ಬೇಯಿಸಿದ್ದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಅಜ್ಜಿ, ದೊಡ್ಡಮ್ಮಂದಿರು ಹತ್ತಿರ ಇದ್ದರೆ, ಒಂದು ಚಮಚ ಜಾಮ್ ತೋರಿಸಿ ಕೇಳಿದರೂ ಆದೀತು. ಪಾಠ ನವೆಂಬರ್ ಮೊದಲ ಭಾನುವಾರಕ್ಕೆ ಬೇಕು.