ಬಾವಿಯೊಳಗೆ ಇಳಿಸುವ ರೋಬೋಟ್: ಮೋಟರ್, ಕೇಬಲ್ ಬಗ್ಗೆ ಸಲಹೆ ಬೇಕು

ಕಲಘಟಗಿ ಹುಡುಗ
ನಮಸ್ಕಾರರೀ. ಪಿವಿಸಿ ಪೈಪಿನ ಚೌಕಟ್ಟು, ಮೂರು ಮೋಟರ್, ಒಂದು ಕ್ಯಾಮೆರಾ ಹಾಕಿ ನೀರೊಳಗೆ ಓಡುವ ಆರ್‌ಒವಿ (ಮೇಲಿಂದಲೇ ನಡೆಸುವ ರೋಬೋಟ್) ಮಾಡುತ್ತಿದ್ದೇನೆ. ನಮ್ಮ ಹೊಲದ ಕಲ್ಲುಬಾವಿಯಲ್ಲಿ ಸೆಲೆ ಯಾವ ಕಡೆಯಿಂದ ಬರುತ್ತದೆ ಅಂತ ನೋಡಬೇಕು. ಆಮೇಲೆ ಉಣಕಲ್ ಕೆರೆಗೂ ಬಿಡುವ ಆಸೆ. ವೈಫೈನಲ್ಲಿ ನಡೆಸಬಹುದಾ, ಕೇಬಲ್ಲೇ ಬೇಕಾ? ಮೋಟರಿಗೆ ನೀರು ಹೋಗದ ಹಾಗೆ ಏನು ಮಾಡುತ್ತೀರಿ?

ವಿದ್ಯಾನಗರ ವೈರಿಂಗ್
ವೈಫೈ ಬಿಟ್ಟುಬಿಡು ತಮ್ಮಾ, ಆ ಅಲೆಗಳು ನೀರಲ್ಲಿ ದೂರ ಹೋಗುವುದೇ ಇಲ್ಲ. ಕೇಬಲ್ ಬೇಕೇ ಬೇಕು. ಆದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಮೋಟರಿಗೂ ಕರೆಂಟ್ ಕಳಿಸಬೇಡ. 30 ಮೀಟರ್ ಕ್ಯಾಟ್ 5 ಕೇಬಲ್ಲಿನ ಒಂದು ಜೋಡಿ ತಂತಿಗೆ ಹೋಗಿ ಬರುವ ದಾರಿ ಸೇರಿ ಸುಮಾರು 5 ಓಮ್ ರೆಸಿಸ್ಟೆನ್ಸ್ ಇರುತ್ತದೆ, 2 ಆಂಪಿಯರ್ ಎಳೆದರೆ 10 ವೋಲ್ಟ್ ದಾರಿಯಲ್ಲೇ ಹೋಯಿತು, 12 ವೋಲ್ಟ್ ಬ್ಯಾಟರಿಯಲ್ಲಿ ಇನ್ನೇನು ಉಳಿಯುತ್ತದೆ? ಬ್ಯಾಟರಿಯನ್ನು ಯಂತ್ರದೊಳಗೇ ಇಡು, ಫ್ಯೂಸ್ ಹಾಕು.

ಮೋಟರ್ ಬ್ರಶ್‌ಲೆಸ್ ತಗೋ, ಅಂದರೆ ಒಳಗೆ ಕಾರ್ಬನ್ ಬ್ರಶ್ ಇಲ್ಲದ್ದು. ಕಾಯಿಲ್ ತಂತಿಗೆ ಎನಾಮೆಲ್ ಲೇಪ ಇರುವುದರಿಂದ ಸಿಹಿನೀರಲ್ಲಿ ಹಾಗೇ ಓಡುತ್ತದೆ. ತುಕ್ಕು ಹಿಡಿಯುವುದು ಬೇರಿಂಗ್. ಮೇಲೆ ತಂದ ಕೂಡಲೇ ಒಣಗಿಸಿ ಎಣ್ಣೆ ಬಿಡು.

ಮಾಳಮಡ್ಡಿ ಅಕ್ಕ
ಮೋಟರಿಗಿಂತ ಬ್ಯಾಟರಿ ಇಡುವ ಡಬ್ಬಿಯದೇ ಜಾಸ್ತಿ ಚಿಂತೆ. 10 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಹೆಚ್ಚುತ್ತದೆ. 10 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ ಹತ್ತಿರ ಹತ್ತಿರ 80 ಕಿಲೋ ಆಯಿತು. ಸುಮ್ನೆ ಎಂ-ಸೀಲ್ ಮೆತ್ತಿದರೆ ಸಾಲದು, ಮುಚ್ಚಳಕ್ಕೆ ಓ-ರಿಂಗ್ (ರಬ್ಬರ್ ಬಳೆ) ಹಾಕಿ ಗ್ರೀಸ್ ಸವರಬೇಕು. ಮೊದಲು ಖಾಲಿ ಡಬ್ಬಿಯಲ್ಲಿ ಪೇಪರ್ ಇಟ್ಟು, ಕಲ್ಲು ಕಟ್ಟಿ, ಒಂದು ರಾತ್ರಿ ಬಾವಿಯಲ್ಲಿ ಇಳಿಬಿಡಿ. ಪೇಪರ್ ಒಣಗಿದ್ದರೆ ಮಾತ್ರ ಬ್ಯಾಟರಿ ಒಳಗೆ ಹೋಗಲಿ.

ತೇಲುವ ವಸ್ತು ಮೇಲಿರಲಿ, ಭಾರ ಕೆಳಗಿರಲಿ, ಇಲ್ಲದಿದ್ದರೆ ಪಲ್ಟಿ ಹೊಡೆಯುತ್ತದೆ. ಥರ್ಮಾಕೋಲ್ ಬೇಡ, ಆಳದಲ್ಲಿ ಹಿಂಡಿಹೋಗುತ್ತದೆ. ಎರಡೂ ತುದಿ ಮುಚ್ಚಿದ ಪೈಪ್ ಒಳ್ಳೆಯದು. ಚೌಕಟ್ಟಿನ ಪೈಪುಗಳಿಗೆ ಮಾತ್ರ ತೂತು ಕೊರೆದು ನೀರು ತುಂಬಿಕೊಳ್ಳಲು ಬಿಡಿ. ಮೋಟರ್ ನಿಲ್ಲಿಸಿದರೆ ನಿಧಾನವಾಗಿ ಮೇಲೆ ಬರುವಷ್ಟು ತೇಲಿದರೆ ಸಾಕು.

ಉಣಕಲ್ ಈಗಲೇ ಬೇಡ. ನೀರ ಮೇಲೆ ತೇಲುವ ಅಂತರಗಂಗೆ ಕಳೆ ಮೋಟರಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಅಂಥ ರಾಡಿ ನೀರಿನಲ್ಲಿ ಲೈಟನ್ನು ಕ್ಯಾಮೆರಾ ಪಕ್ಕದಲ್ಲೇ ಇಟ್ಟರೆ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ ಬರೀ ಬಿಳಿ ಕಾಣುತ್ತದೆ, ಎರಡು ಬದಿಗೆ ದೂರ ಚಾಚಿ ಇಡಿ. ಇನ್ನೊಂದು ಮಾತು, ಬಾವಿಯ ಪಂಪ್‌ಸೆಟ್ ಕರೆಂಟ್ ಪೂರ್ತಿ ತೆಗೆದೇ ಇಳಿಸಿ. ಸಿಕ್ಕಿಬಿದ್ದರೆ ದಯವಿಟ್ಟು ನೀವು ಇಳಿಯಬೇಡಿ.

ಕಲಘಟಗಿ ಹುಡುಗ
ಇಲ್ಲ ಅಕ್ಕಾ, ಇಳಿಯುವುದಿಲ್ಲ. ಕೇಬಲ್ ಭಾರಕ್ಕೆ ಯಂತ್ರ ವಾಲುತ್ತದಲ್ವಾ?

ವಿದ್ಯಾನಗರ ವೈರಿಂಗ್
ವಾಲುತ್ತದೆ. ಮೀನಿನ ಬಲೆಗೆ ಕಟ್ಟುವ ಬೆಂಡನ್ನು ಮೀಟರಿಗೊಂದು ಕಟ್ಟು. ಎಳೆತ ಡಬ್ಬಿಯ ಜಾಯಿಂಟಿಗೆ ಬೀಳದ ಹಾಗೆ ಕೇಬಲ್ಲನ್ನು ಚೌಕಟ್ಟಿಗೇ ಬಿಗಿ.